ಆಮೇಲೆ ಸೇರಿಸಲಾಗದ್ದಕ್ಕೆ ಮೊದಲು ಹಣ: ಬಿ650 ಟೊಮಾಹಾಕ್ ಮದರ್‌ಬೋರ್ಡ್

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ ಪ್ರೊಸೆಸರ್‌ಗಳ ಪೈಕಿ ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು, ಕೆಲವೇ ಅಪವಾದಗಳನ್ನು ಬಿಟ್ಟರೆ, ಎಂಟನೇ ಪೀಳಿಗೆ ಮತ್ತು ಅದರಿಂದೀಚಿನವುಗಳನ್ನು ಮಾತ್ರ. ಹೀಗಾಗಿ ಆರನೇ ಅಥವಾ ಏಳನೇ ಪೀಳಿಗೆಯ ಡೆಸ್ಕ್‌ಟಾಪ್ ಇಟ್ಟುಕೊಂಡಿರುವ ಅನೇಕರು, ಯಂತ್ರ ಇನ್ನೂ ಚೆನ್ನಾಗಿಯೇ ಓಡುತ್ತಿದ್ದರೂ, ಹೊಸದರ ಲೆಕ್ಕ ಹಾಕುತ್ತಿದ್ದಾರೆ. ಅಷ್ಟು ಹಳೆಯ ಯಂತ್ರದಲ್ಲಿ ಪ್ರೊಸೆಸರ್ ಒಂದನ್ನೇ ಬದಲಿಸಿ ಕೈತೊಳೆದುಕೊಳ್ಳಲು ಸಾಧ್ಯವಿಲ್ಲ. ಪ್ರೊಸೆಸರಿನೊಡನೆ ಅದು ಕೂರುವ ಸಾಕೆಟ್ ಬದಲಾಗುತ್ತದೆ, ಸಾಕೆಟ್ಟಿನೊಡನೆ ಮದರ್‌ಬೋರ್ಡ್, ಅದರ ಬೆನ್ನಿಗೇ ರ‍್ಯಾಮ್. ಇಂಥ ಸಂದರ್ಭದಲ್ಲಿ ಕೊಳ್ಳಬಹುದಾದ ಬೋರ್ಡುಗಳಲ್ಲಿ ಒಂದಾದ ಎಂಎಸ್‌ಐ ಕಂಪನಿಯ ಮ್ಯಾಗ್ ಬಿ650 ಟೊಮಾಹಾಕ್ ವೈಫೈ ಈ ಬರಹದ ವಿಷಯ. ಅದನ್ನು ನೆಪವಾಗಿಟ್ಟುಕೊಂಡು ಬೋರ್ಡ್ ಆರಿಸುವಾಗ ಯಾವುದನ್ನು ತೂಗಿ ನೋಡಬೇಕು, ಯಾವುದನ್ನು ಬದಿಗಿಡಬಹುದು ಎಂಬುದನ್ನೂ ಹೇಳುವ ಉದ್ದೇಶ ನನ್ನದು.

ಕಂಪ್ಯೂಟರ್ ಅಸೆಂಬಲ್ ಮಾಡಿಸುವವರಲ್ಲಿ ಹೆಚ್ಚಿನವರು ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್, ಎಸ್‌ಎಸ್‌ಡಿಗಳನ್ನು ಅಳೆದು ತೂಗಿ ಆರಿಸಿ, ಉಳಿದ ಹಣದಲ್ಲಿ ಸಿಗುವ ಬೋರ್ಡನ್ನು ತೆಗೆದುಕೊಳ್ಳುತ್ತಾರೆ. ಇದು ಪೂರ್ತಿ ತಪ್ಪೇನಲ್ಲ, ಏಕೆಂದರೆ ಬೋರ್ಡ್ ತಾನಾಗಿ ಯಾವ ಕೆಲಸವನ್ನೂ ವೇಗಗೊಳಿಸುವುದಿಲ್ಲ. ಹತ್ತು ಸಾವಿರದ ಬೋರ್ಡಿನಲ್ಲಿ ಓಡುವ ಆಟ ನಲವತ್ತು ಸಾವಿರದ ಬೋರ್ಡಿನಲ್ಲೂ ಸರಿಸುಮಾರು ಅದೇ ವೇಗದಲ್ಲಿ ಓಡುತ್ತದೆ. ಆದರೆ ಕಂಪ್ಯೂಟರಿನ ಉಳಿದ ಭಾಗಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗಬಹುದು, ಬೋರ್ಡನ್ನು ಬದಲಿಸಬೇಕೆಂದರೆ ಎಲ್ಲವನ್ನೂ ಬಿಚ್ಚಬೇಕು. ಆದ್ದರಿಂದ ನಾನು ಅನುಸರಿಸುವ ಅಳತೆ ಇಷ್ಟೇ: ಮುಂದೊಂದು ದಿನ ಸಣ್ಣ ಖರ್ಚಿನಲ್ಲಿ ಸೇರಿಸಿಕೊಳ್ಳಬಹುದಾದ ಸೌಲಭ್ಯಕ್ಕಾಗಿ ಇಂದು ಹೆಚ್ಚು ಹಣ ಕೊಡಬಾರದು, ಎಂದೂ ಸೇರಿಸಲಾಗದ್ದಕ್ಕೆ ಹಿಂಜರಿಯದೆ ಕೊಡಬೇಕು. ವೈಫೈ ಇಲ್ಲದಿದ್ದರೆ ಒಂದು ಕಾರ್ಡ್ ಸಿಕ್ಕಿಸಬಹುದು, ಯುಎಸ್‌ಬಿ ಸಾಲದಿದ್ದರೆ ಹಬ್ ಇಡಬಹುದು, ಧ್ವನಿ ಹಿಡಿಸದಿದ್ದರೆ ಡಿಜಿಟಲ್ ಧ್ವನಿಯನ್ನು ಪರಿವರ್ತಿಸಿ ಕೊಡುವ ಹೊರಗಿನ ಡಿಎಸಿ ಕೊಳ್ಳಬಹುದು. ಸಾಕೆಟ್, ಪ್ರೊಸೆಸರಿಗೆ ವಿದ್ಯುತ್ ಒದಗಿಸುವ ವಿಆರ್‌ಎಂ, ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿಗಳ ಮಾಹಿತಿ ಹರಿಯುವ ಪಿಸಿಐಇ ಲೇನುಗಳ ಹಂಚಿಕೆ ಮತ್ತು ಬೋರ್ಡನ್ನು ಚಾಲೂ ಮಾಡುವ ತಂತ್ರಾಂಶ ಕೂರುವ ಬಯಾಸ್ ಚಿಪ್ಪಿನ ಗಾತ್ರ ಮಾತ್ರ ಕಾರ್ಖಾನೆಯಿಂದ ಹೊರಬಿದ್ದಾಗ ಹೇಗಿರುತ್ತವೆಯೋ ಕೊನೆಯವರೆಗೂ ಹಾಗೆಯೇ ಇರುತ್ತವೆ.

ಮೊದಲು ಸಾಕೆಟ್. ಎಎಂಡಿಯ ಹಿಂದಿನ ಎಎಂ4 ಸಾಕೆಟ್ ಎಷ್ಟು ಕಾಲ ಬಾಳಿತೆಂಬುದನ್ನು ನೆನಪಿಸಿಕೊಂಡರೆ ಸಾಕೆಟ್ಟಿಗೆ ಏಕೆ ಬೆಲೆ ಕೊಡಬೇಕೆಂಬುದು ತಿಳಿಯುತ್ತದೆ. 2017ರಲ್ಲಿ ಮೊದಲ ರೈಜನ್ ಬಂದಾಗ ಕೊಂಡ ಬಿ350 ಬೋರ್ಡುಗಳಿಗೆ 2022ರಲ್ಲಿ ಎಎಂಡಿ ರೈಜನ್ 5000 ಸರಣಿಯ ಬೆಂಬಲವನ್ನೂ ಕೊಟ್ಟಿತು. ಐದು ವರ್ಷ ಹಳೆಯ ಬೋರ್ಡ್ ಇದ್ದವರು ಬಯಾಸ್ ಹೊಸದು ಮಾಡಿಕೊಂಡು, ಅದೇ ರ‍್ಯಾಮ್ ಉಳಿಸಿಕೊಂಡು, ಆ ಹೊತ್ತಿನ ಒಳ್ಳೆಯ ಪ್ರೊಸೆಸರುಗಳಲ್ಲೊಂದನ್ನು ಕೂರಿಸಿಕೊಂಡರು. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 12, 13 ಮತ್ತು 14ನೇ ಪೀಳಿಗೆಗಳೊಂದಿಗೆ ಮುಗಿಯಿತು. 2024ರ ಅಕ್ಟೋಬರಿನಲ್ಲಿ ಬಂದ ಕೋರ್ ಅಲ್ಟ್ರಾ 200ಎಸ್ ಸರಣಿಗೆ ಎಲ್‌ಜಿಎ 1851 ಎಂಬ ಬೇರೆಯೇ ಸಾಕೆಟ್ ಬೇಕಾಯಿತು. 2022ರ ಸೆಪ್ಟೆಂಬರಿನಲ್ಲಿ ರೈಜನ್ 7000 ಜೊತೆಗೆ ಬಂದ ಎಎಂ5 ಈಗಾಗಲೇ 2024ರ ರೈಜನ್ 9000 ಸರಣಿಯನ್ನು ಹೊತ್ತಿದೆ. 2027 ಮತ್ತು ಅದರಾಚೆಗೂ ಈ ಸಾಕೆಟ್ಟನ್ನು ಮುಂದುವರಿಸುವುದಾಗಿ ಎಎಂಡಿ ಹೇಳಿದೆ. ಕಂಪನಿಯ ಮಾತನ್ನು ಬಾಂಡ್ ಪೇಪರ್ ಎಂದು ಯಾರೂ ನಂಬಬೇಕಿಲ್ಲ, ಆದರೆ ಈ ವಿಷಯದಲ್ಲಿ ಎಎಂ4ರ ಚರಿತ್ರೆ ಅದರ ಪರವಾಗಿದೆ. ಎಎಂ4ರ ಕಾಲದ ಬಹುಪಾಲು ಕೂಲರ್‌ಗಳು ಎಎಂ5 ಮೇಲೂ ಕೂರುತ್ತವೆ ಎಂಬುದು ಇದಕ್ಕೆ ಸಿಗುವ ಸಣ್ಣ ಕೊಸರು.

ಈಗ ಬೋರ್ಡಿಗೆ ಬರೋಣ. ಬಿ650 ಟೊಮಾಹಾಕ್ ಪೂರ್ಣ ಎಟಿಎಕ್ಸ್ ಅಳತೆಯದು, ಅಂದರೆ 305 ಮಿಲಿಮೀಟರ್ ಎತ್ತರ, 244 ಮಿಲಿಮೀಟರ್ ಅಗಲ. ಸಣ್ಣ ಕ್ಯಾಬಿನೆಟ್ ಇರುವವರು ಇಲ್ಲಿಯೇ ನಿಲ್ಲಬಹುದು. ಡಿಡಿಆರ್5 ರ‍್ಯಾಮಿಗೆ ನಾಲ್ಕು ಸ್ಲಾಟ್, ಎಂ.2 ಎಸ್‌ಎಸ್‌ಡಿಗೆ ಮೂರು ಜಾಗ, ಆರು ಸಾಟಾ ಪೋರ್ಟ್, 2.5 ಗಿಗಾಬಿಟ್ ಲ್ಯಾನ್ ಮತ್ತು ವೈಫೈ 6ಇ ಇದರ ಮುಖ್ಯ ಅಂಗಗಳು. ಬೆಲೆ ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಏರಿಳಿಯುತ್ತದೆ. ಇದನ್ನು ದುಬಾರಿ ಎನ್ನಬೇಕೋ ಹದವಾದ ಬೆಲೆ ಎನ್ನಬೇಕೋ ಎಂಬುದು ನೀವು ಕೂರಿಸುವ ಪ್ರೊಸೆಸರನ್ನು ಅವಲಂಬಿಸಿದೆ.

ಬೋರ್ಡಿನ ನಿಜವಾದ ಬಂಡವಾಳ ಇರುವುದು ಸಾಕೆಟ್ಟಿನ ಎಡಕ್ಕೂ ಮೇಲಕ್ಕೂ ದಪ್ಪ ಅಲ್ಯೂಮಿನಿಯಂ ಹೀಟ್‌ಸಿಂಕಿನ ಕೆಳಗೆ ಅಡಗಿರುವ ವಿಆರ್‌ಎಂನಲ್ಲಿ. ಕಂಪ್ಯೂಟರಿನ ವಿದ್ಯುತ್ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಕೊಡುವ 12 ವೋಲ್ಟನ್ನು ಪ್ರೊಸೆಸರ್ ಬೇಡುವ ಒಂದು ವೋಲ್ಟಿನ ಆಸುಪಾಸಿಗೆ ಇಳಿಸಿ, ಅಗಾಧವಾದ ಕರೆಂಟನ್ನು ಏರುಪೇರಿಲ್ಲದೆ ಒದಗಿಸುವುದು ಅದರ ಕೆಲಸ. ಪೆಟ್ಟಿಗೆಯ ಮೇಲೆ ಅಚ್ಚಾಗುವ 14+2+1 ಎಂಬ ಸಂಖ್ಯೆಯಲ್ಲಿ ಮೊದಲನೆಯದು ಪ್ರೊಸೆಸರಿನ ಕೋರ್‌ಗಳಿಗೆ ಮೀಸಲಾದ ಘಟಕಗಳದ್ದು. ಎಂಎಸ್‌ಐ ಅವುಗಳನ್ನು ಎರಡೆರಡಾಗಿ ಜೋಡಿಸಿರುವುದರಿಂದ ನಿಯಂತ್ರಕ ಚಿಪ್ಪಿನ ದೃಷ್ಟಿಯಲ್ಲಿ ಅವು ಏಳು ಜೋಡಿಗಳು. ಫೇಸ್ ಎಂದು ಕರೆಯುವ ಸ್ವತಂತ್ರ ಘಟಕಗಳು ಹದಿನಾಲ್ಕಿವೆ ಎಂದು ಯಾರಾದರೂ ಹೇಳಿದರೆ ಅದು ಅರ್ಧ ಸತ್ಯ. ಅದರಿಂದ ನಷ್ಟವೇನೂ ಇಲ್ಲ. ಒಂದೊಂದು ಘಟಕದ ಗರಿಷ್ಠ ಸಾಮರ್ಥ್ಯ 80 ಆಂಪಿಯರ್. ಕೂಡಿದರೆ ಕಾಗದದ ಮೇಲೆ 1,120 ಆಂಪಿಯರ್ ಆಗುತ್ತದೆ. ಹೋಲಿಸಿ ನೋಡಲು ಹೇಳುವುದಾದರೆ, 16 ಕೋರಿನ ರೈಜನ್ 9 7950ಎಕ್ಸ್ ಪ್ರೊಸೆಸರಿನ ಟಿಡಿಪಿ, ಅಂದರೆ ಕಂಪನಿ ನಮೂದಿಸುವ ಶಾಖದ ಮಟ್ಟ, 170 ವ್ಯಾಟ್ ಎಂದಿದ್ದರೂ ಅದು ಸಾಕೆಟ್ಟಿನಿಂದ 230 ವ್ಯಾಟ್‌ವರೆಗೂ ಎಳೆದುಕೊಳ್ಳಬಲ್ಲುದು, ಆಗ ಹರಿಯುವ ಕರೆಂಟ್ ಸುಮಾರು ಇನ್ನೂರು ಆಂಪಿಯರ್. ಅಂದರೆ ಇಂಥ ಹೊಟ್ಟೆಬಾಕ ಪ್ರೊಸೆಸರಿಗೂ ಈ ವಿಆರ್‌ಎಂ ಐದು ಪಟ್ಟು ದೊಡ್ಡದು.

ಇಷ್ಟು ದೊಡ್ಡದು ಏಕೆ ಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಓವರ್‌ಕ್ಲಾಕ್ ಮಾಡುವ, ಅಂದರೆ ಪ್ರೊಸೆಸರನ್ನು ನಿಗದಿತ ವೇಗ ಮೀರಿ ಓಡಿಸುವವರಿಗಾಗಿ ಎಂದು ಕಂಪನಿ ಹೇಳುತ್ತದೆ, ಆದರೆ ಇಂದಿನ ರೈಜನ್ ಪ್ರೊಸೆಸರುಗಳು ತಾವಾಗಿಯೇ ತಮ್ಮ ಮಿತಿಯ ಹತ್ತಿರ ಓಡುವುದರಿಂದ ಓವರ್‌ಕ್ಲಾಕಿನಿಂದ ಸಿಗುವ ಲಾಭ ಕಡಿಮೆ. ನನ್ನ ಮಟ್ಟಿಗೆ ಇದರ ಉಪಯೋಗ ಬೇರೆ: ಹೊರೆ ಹೆಚ್ಚು ಘಟಕಗಳಲ್ಲಿ ಹಂಚಿಹೋದಷ್ಟೂ ಒಂದೊಂದರ ಬಿಸಿ ಕಡಿಮೆಯಾಗುತ್ತದೆ. ವಿಮರ್ಶಕರು ಸಾಮಾನ್ಯವಾಗಿ ಬೋರ್ಡುಗಳನ್ನು ಹವಾನಿಯಂತ್ರಿತ ಕೋಣೆಯಲ್ಲಿ ಪರೀಕ್ಷಿಸುತ್ತಾರೆ. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಏಪ್ರಿಲ್-ಮೇ ತಿಂಗಳಲ್ಲಿ ಹೊರಗಿನ ಉಷ್ಣಾಂಶ 40 ಡಿಗ್ರಿ ದಾಟಿದಾಗ, ಫ್ಯಾನಿನ ಕೆಳಗೆ ಕುಳಿತು ವಿಡಿಯೊ ರೆಂಡರಿಂಗ್ ಮಾಡುವವರ ಕ್ಯಾಬಿನೆಟ್ಟಿನೊಳಗಿನ ಪರಿಸ್ಥಿತಿ ಬೇರೆಯೇ. ಅಗ್ಗದ ಬೋರ್ಡುಗಳಲ್ಲಿ ವಿಆರ್‌ಎಂ ಮೇಲೆ ಹೀಟ್‌ಸಿಂಕೇ ಇಲ್ಲದಿರುವುದೂ ಉಂಟು. ಅಂಥದರಲ್ಲಿ ಬಿಸಿ ಮಿತಿಮೀರಿದರೆ ಬೋರ್ಡ್ ಪ್ರೊಸೆಸರಿನ ವೇಗವನ್ನು ತಗ್ಗಿಸಿ ತನ್ನನ್ನು ಉಳಿಸಿಕೊಳ್ಳುತ್ತದೆ. ಹಣ ಕೊಟ್ಟು ಕೊಂಡ ಪ್ರೊಸೆಸರಿನ ಒಂದು ಪಾಲನ್ನು ಬೇಸಿಗೆ ತಿಂದುಹಾಕಿತು ಎಂದೇ ಅರ್ಥ. ಟೊಮಾಹಾಕ್‌ನಲ್ಲಿ ದೀರ್ಘ ರೆಂಡರಿಂಗ್ ನಡೆಯುವಾಗಲೂ ಹೀಟ್‌ಸಿಂಕ್ ಮುಟ್ಟಿದರೆ ಬೆಚ್ಚಗಿರುತ್ತದೆಯೇ ಹೊರತು ಕೈ ಸುಡುವುದಿಲ್ಲ, ಅದರ ಮೇಲೆ ಕಿರುಗುಡುವ ಪುಟ್ಟ ಫ್ಯಾನೂ ಇಲ್ಲ.

ಆದರೆ ಇದೇ ಮಾತನ್ನು ತಿರುವಿಹಾಕಬೇಕಾದ ಸಂದರ್ಭವೂ ಇದೆ. ರೈಜನ್ 5 7600 ಅಥವಾ 9600ಎಕ್ಸ್‌ನಂಥ 65 ವ್ಯಾಟ್ ಟಿಡಿಪಿಯ ಪ್ರೊಸೆಸರ್ ಗರಿಷ್ಠ 88 ವ್ಯಾಟ್ ಎಳೆಯುತ್ತದೆ. ಅದಕ್ಕೆ ಆರು ಅಥವಾ ಎಂಟು ಘಟಕಗಳ, ಸಾಧಾರಣ ಹೀಟ್‌ಸಿಂಕ್ ಇರುವ ಮೈಕ್ರೋ ಎಟಿಎಕ್ಸ್ ಬೋರ್ಡ್ ಧಾರಾಳವಾಗಿ ಸಾಕು. ಮನೆ ಲೆಕ್ಕ, ಮಕ್ಕಳ ಓದು, ಕಚೇರಿ ಕೆಲಸ, ಆಗೊಮ್ಮೆ ಈಗೊಮ್ಮೆ ಆಟ ಎಂದಿರುವವರು ಮುಂದೆಯೂ ಅದೇ ವರ್ಗದ ಪ್ರೊಸೆಸರಿನಲ್ಲೇ ಇರುವುದು ಖಚಿತವಾದರೆ ಟೊಮಾಹಾಕ್ ಕೊಳ್ಳುವುದು ಎರಡು ಕುರಿ ಸಾಗಿಸಲು ಲಾರಿ ಗೊತ್ತುಮಾಡಿದಂತೆ. ಉಳಿದ ಏಳೆಂಟು ಸಾವಿರವನ್ನು ಎಸ್‌ಎಸ್‌ಡಿಗೋ ಒಳ್ಳೆಯ ಎಸ್‌ಎಂಪಿಎಸ್‌ಗೋ ಹಾಕುವುದು ಲೇಸು. ಇನ್ನೂ ಕೆಳಗಿನ ಎ620 ಚಿಪ್‌ಸೆಟ್ಟಿನ (ಪೋರ್ಟು, ಸ್ಲಾಟುಗಳನ್ನು ಪ್ರೊಸೆಸರಿಗೆ ಜೋಡಿಸುವ ಚಿಪ್ಪು) ವರ್ಗಕ್ಕೆ ಇಳಿಯುವ ಮುನ್ನ ಮಾತ್ರ ಎಚ್ಚರವಿರಲಿ. ಆ ಚಿಪ್‌ಸೆಟ್ಟಿನಲ್ಲಿ ಪ್ರೊಸೆಸರ್ ಓವರ್‌ಕ್ಲಾಕಿಂಗ್ ಇಲ್ಲ, ಇದೇನೂ ಕೊರತೆಯಲ್ಲ. ಆದರೆ ಅಂಥ ಬೋರ್ಡುಗಳಲ್ಲಿ ಹಲವನ್ನು 65 ವ್ಯಾಟ್ ಪ್ರೊಸೆಸರನ್ನೇ ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿರುವುದರಿಂದ ನಾಲ್ಕು ವರ್ಷದ ಮೇಲೆ ದೊಡ್ಡ ಪ್ರೊಸೆಸರ್ ಹಾಕುವ ದಾರಿ ಅಲ್ಲಿಗೇ ಮುಚ್ಚಬಹುದು. ಬಾಳಿಕೆಯ ಸಾಕೆಟ್ಟಿಗೆಂದು ಎಎಂ5 ಆರಿಸಿ, ಆ ಬಾಳಿಕೆಯನ್ನು ಬಳಸಿಕೊಳ್ಳಲಾಗದ ಬೋರ್ಡ್ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಚಿಪ್‌ಸೆಟ್ಟಿನ ಹೆಸರುಗಳ ಬಗ್ಗೆ ಅಂಗಡಿಗಳಲ್ಲಿ ನಡೆಯುವ ಚರ್ಚೆಯಷ್ಟು ವ್ಯರ್ಥವಾದದ್ದು ಬೇರೊಂದಿಲ್ಲ. ಬಿ650ರಲ್ಲಿರುವುದು ಏಸ್‌ಮೀಡಿಯಾ ಕಂಪನಿ ರೂಪಿಸಿದ ಪ್ರೊಮೊಂಟರಿ 21 ಎಂಬ ಒಂದು ಚಿಪ್. ಎಕ್ಸ್670 ಎಂದು ಹೆಚ್ಚಿನ ಬೆಲೆಗೆ ಮಾರಾಟವಾಗುವುದರಲ್ಲಿ ಅದೇ ಚಿಪ್ ಎರಡಿವೆ, ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಲಾಗಿದೆ. 2024ರ ಸೆಪ್ಟೆಂಬರ್ ಕೊನೆಗೆ ಬಂದ ಎಕ್ಸ್870ರಲ್ಲಿ ಮತ್ತೆ ಅದೇ ಒಂದು ಚಿಪ್, ಜೊತೆಗೆ ಯುಎಸ್‌ಬಿ4 ಕಡ್ಡಾಯ. ಆ ಯುಎಸ್‌ಬಿ4 ನಿಯಂತ್ರಕಕ್ಕೆ ಪ್ರೊಸೆಸರಿನಿಂದ ನಾಲ್ಕು ಲೇನ್ ಬೇಕಾಗುವುದರಿಂದ ಕೆಲವು ಬೋರ್ಡುಗಳಲ್ಲಿ ಎರಡನೇ ಎಂ.2 ಜಾಗ ಅದರೊಡನೆ ಪಾಲು ಹಂಚಿಕೊಳ್ಳುತ್ತದೆ. ವೇಗದ ಬಾಹ್ಯ ಡ್ರೈವ್ ಬಳಸದವರಿಗೆ ಇದು ಲಾಭವಲ್ಲ, ನಷ್ಟ. 2025ರ ಆರಂಭದಲ್ಲಿ ಮಾರುಕಟ್ಟೆಗೆ ಬಂದ ಬಿ850 ಕೂಡ ಇದೇ ಮನೆತನದ್ದು, ಆದರೆ ಅದರ ಪಕ್ಕದಲ್ಲೇ ಇಟ್ಟು ಮಾರುವ ಬಿ840ರಲ್ಲಿ ಪ್ರೊಸೆಸರ್ ಓವರ್‌ಕ್ಲಾಕಿಂಗ್ ಇಲ್ಲ. ಸಂಖ್ಯೆಯಲ್ಲಿ ಹತ್ತರಷ್ಟೇ ವ್ಯತ್ಯಾಸ ಕಂಡು ಮೋಸಹೋಗುವುದು ಸುಲಭ.

ಲೇನುಗಳ ಲೆಕ್ಕಕ್ಕೆ ಬಂದರೆ ಟೊಮಾಹಾಕ್‌ನ ನಿಜವಾದ ದೌರ್ಬಲ್ಯ ಕಾಣುತ್ತದೆ. ರೈಜನ್ 7000 ಮತ್ತು 9000 ಡೆಸ್ಕ್‌ಟಾಪ್ ಪ್ರೊಸೆಸರುಗಳು ಗ್ರಾಫಿಕ್ಸ್ ಕಾರ್ಡಿಗೆ 16 ಹಾಗೂ ಎಸ್‌ಎಸ್‌ಡಿ ಮುಂತಾದವಕ್ಕೆ ಎಂಟು, ಒಟ್ಟು 24 ಪಿಸಿಐಇ 5.0 ಲೇನ್‌ಗಳನ್ನು ಬಳಕೆಗೆ ಕೊಡುತ್ತವೆ. ಇನ್ನು ನಾಲ್ಕು ಚಿಪ್‌ಸೆಟ್ಟಿನ ಸಂಪರ್ಕಕ್ಕೆ ಹೋಗುತ್ತವೆ. ಬಿ650ರಲ್ಲಿ ಗ್ರಾಫಿಕ್ಸ್ ಸ್ಲಾಟಿಗೆ 4.0 ವೇಗವಷ್ಟೇ; ಎಂ.2 ಜಾಗವನ್ನು 5.0ರಲ್ಲಿ ಓಡಿಸಬೇಕೋ 4.0ರಲ್ಲೋ ಎಂಬುದನ್ನು ಬೋರ್ಡ್ ತಯಾರಕರಿಗೇ ಬಿಡಲಾಗಿದೆ. ಎಂಎಸ್‌ಐ ಇಲ್ಲಿ ಎಲ್ಲವನ್ನೂ 4.0ರಲ್ಲೇ ನಿಲ್ಲಿಸಿದೆ. ಇದರ ಸ್ಪರ್ಧಿಯಾದ ಏಸುಸ್ ಟಫ್ ಗೇಮಿಂಗ್ ಬಿ650-ಪ್ಲಸ್ ವೈಫೈ ಬೋರ್ಡಿನಲ್ಲಿ ಕನಿಷ್ಠ ಒಂದು ಎಂ.2 ಜಾಗವಾದರೂ 5.0 ವೇಗದ್ದಿದೆ. ಇದು ಆಮೇಲೆ ಸೇರಿಸಲಾಗದ ಸಂಗತಿಗಳ ಪಟ್ಟಿಗೇ ಸೇರುವುದರಿಂದ ನನ್ನ ಅಳತೆಯ ಪ್ರಕಾರ ಟೊಮಾಹಾಕ್‌ಗೆ ಅಂಕ ಕಡಿಮೆಯಾಗಲೇಬೇಕು. ಎಷ್ಟು ಕಡಿಮೆ ಎಂಬುದು ಮಾತ್ರ ಬೇರೆ ಮಾತು. ಪಿಸಿಐಇ 5.0 ಗ್ರಾಫಿಕ್ಸ್ ಕಾರ್ಡುಗಳು 4.0 ಸ್ಲಾಟಿನಲ್ಲಿ 16 ಲೇನಿನೊಂದಿಗೆ ಓಡಿದಾಗ ಆಗುವ ನಷ್ಟ ಆಟಗಳಲ್ಲಿ ಗಮನಕ್ಕೆ ಬರದಷ್ಟು ಸಣ್ಣದು. ಆರ್‌ಟಿಎಕ್ಸ್ 5060 ಟಿಐನಂಥ ಎಂಟೇ ಲೇನಿನ ಕಾರ್ಡ್‌ಗಳಿಗೂ 4.0 ಸಾಕಾಗುತ್ತದೆ, ಅವು ನಿಜವಾಗಿ ಒದ್ದಾಡುವುದು ಹಳೆಯ 3.0 ಬೋರ್ಡುಗಳಲ್ಲಿ, ಅದರಲ್ಲೂ ಕಾರ್ಡಿನ ಮೆಮೊರಿ 8 ಜಿಬಿ ಇದ್ದಾಗ. 5.0 ಎಸ್‌ಎಸ್‌ಡಿಗಳ ವೇಗ ದೊಡ್ಡ ದೊಡ್ಡ ಫೈಲುಗಳನ್ನು ಸದಾ ಸಾಗಿಸುವವರಿಗೆ ತಿಳಿದೀತೇ ಹೊರತು ವಿಂಡೋಸ್ ತೆರೆದುಕೊಳ್ಳುವುದನ್ನು ಕಾಯುವವರಿಗಲ್ಲ.

ಈ ಬೋರ್ಡಿನ ಹಿಂಬದಿಯಲ್ಲಿರುವ ಫ್ಲ್ಯಾಶ್ ಬಯಾಸ್ ಬಟನ್ ಜಾಹೀರಾತುಗಳಲ್ಲಿ ಕೊನೆಯ ಸಾಲಿನಲ್ಲಿ ಬರುತ್ತದೆ, ನನ್ನ ಪಟ್ಟಿಯಲ್ಲಿ ಅದು ಮೊದಲ ಸಾಲಿನದು. ಪ್ರೊಸೆಸರ್, ರ‍್ಯಾಮ್ ಯಾವುದೂ ಇಲ್ಲದೆ, ಎಸ್‌ಎಂಪಿಎಸ್ ಸಂಪರ್ಕ ಕೊಟ್ಟು, ಪೆನ್‌ಡ್ರೈವಿನಲ್ಲಿ ಹೊಸ ಬಯಾಸ್ ಇಟ್ಟು ಒತ್ತಿದರೆ ಬೋರ್ಡ್ ತನ್ನನ್ನು ತಾನೇ ಹೊಸದು ಮಾಡಿಕೊಳ್ಳುತ್ತದೆ. ನಮ್ಮ ಅಂಗಡಿಗಳಲ್ಲಿ ಸ್ಟಾಕ್ ಎಷ್ಟೋ ತಿಂಗಳು ಕಪಾಟಿನಲ್ಲೇ ಕೂರುತ್ತದೆ. 2023ರಲ್ಲಿ ತಯಾರಾದ ಬಿ650 ಬೋರ್ಡಿಗೆ 2024ರಲ್ಲಿ ಬಂದ ರೈಜನ್ 9000 ಪ್ರೊಸೆಸರ್ ಹಾಕಿದರೆ ಹಳೆಯ ಬಯಾಸ್ ಅದನ್ನು ಗುರುತಿಸದೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಈ ಬಟನ್ ಇಲ್ಲದಿದ್ದರೆ ಬಯಾಸ್ ಬದಲಿಸಲೆಂದೇ ಇನ್ನೊಂದು ಹಳೆಯ ಪ್ರೊಸೆಸರನ್ನು ಹುಡುಕಿಕೊಂಡು ಅಲೆಯಬೇಕು. ಎಎಂ5ರಲ್ಲಿ ಬಯಾಸ್ ಹೊಸದಾಗಿರುವುದು ಅನುಕೂಲದ ಮಾತಷ್ಟೇ ಅಲ್ಲ, ಸುರಕ್ಷತೆಯ ಮಾತು ಕೂಡ. 2023ರ ಏಪ್ರಿಲ್‌ನಲ್ಲಿ ಕೆಲವು ಎಎಂ5 ಬೋರ್ಡುಗಳಲ್ಲಿ ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರಿನೊಳಗಿನ ಮೆಮೊರಿ ನಿಯಂತ್ರಕ ಮುಂತಾದವಕ್ಕೆ ಹೋಗುವ ವೋಲ್ಟೇಜ್) ಮಿತಿಮೀರಿ ರೈಜನ್ 7 7800ಎಕ್ಸ್3ಡಿಯಂಥ ಪ್ರೊಸೆಸರುಗಳು ಸುಟ್ಟುಹೋದ ಪ್ರಕರಣಗಳು ಹೊರಬಂದ ಮೇಲೆ, ಎಎಂಡಿ ಆ ವೋಲ್ಟೇಜನ್ನು 1.3 ವೋಲ್ಟಿಗೆ ಕಟ್ಟಿಹಾಕುವ ಬಯಾಸ್ ತಿದ್ದುಪಡಿಯನ್ನು ಎಲ್ಲ ತಯಾರಕರಿಗೂ ಕೊಟ್ಟಿತು. ಅದಕ್ಕೂ ಮುಂಚಿನ ಬಯಾಸ್ ಇರುವ ಬೋರ್ಡ್ ಕೈಗೆ ಬಂದರೆ ಮೊದಲ ಕೆಲಸ ಅದನ್ನು ಬದಲಿಸುವುದೇ ಆಗಿರಬೇಕು.

ರ‍್ಯಾಮ್ ಸ್ಲಾಟ್ ನಾಲ್ಕಿವೆ ಎಂದು ನಾಲ್ಕನ್ನೂ ತುಂಬುವ ಆಸೆ ಬೇಡ. ಎಎಂ5ರಲ್ಲಿ ಎರಡು ಕಡ್ಡಿ ಹಾಕಿದಾಗ ಡಿಡಿಆರ್5-6000 ವೇಗ ಸಾಮಾನ್ಯವಾಗಿ ತಕರಾರಿಲ್ಲದೆ ಸಿಗುತ್ತದೆ, ರೈಜನ್ 7000 ಸರಣಿಗೆ ಎಎಂಡಿ ಮೆಚ್ಚುವ ವೇಗವೂ ಅದೇ. ನಾಲ್ಕು ಕಡ್ಡಿ ಹಾಕಿದರೆ ರೈಜನ್ 7000ಕ್ಕೆ ಅಧಿಕೃತ ವೇಗ 3600ಕ್ಕೆ ಕುಸಿಯುತ್ತದೆ. ಆದ್ದರಿಂದ 32 ಜಿಬಿ ಬೇಕಾದವರು 16 ಜಿಬಿಯ ಎರಡು ಕಡ್ಡಿ ಕೊಳ್ಳಬೇಕು, 64 ಬೇಕಾದವರು 32 ಜಿಬಿಯ ಎರಡು. ಈ ದೃಷ್ಟಿಯಲ್ಲಿ ಎರಡೇ ಸ್ಲಾಟ್ ಇರುವ ಅಗ್ಗದ ಬೋರ್ಡ್ ಅಷ್ಟೇನೂ ಕೀಳಲ್ಲ. ಇನ್ನೊಂದು ಮಾತು: ಹೊಸ ಬೋರ್ಡನ್ನು ಮೊದಲ ಬಾರಿ ಆನ್ ಮಾಡಿದಾಗ ಅದು ರ‍್ಯಾಮನ್ನು ಪಳಗಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ, ಅಲ್ಲಿಯವರೆಗೆ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಗಾಬರಿಯಾಗಿ ಸ್ವಿಚ್ ಆರಿಸಬಾರದು. ಬೋರ್ಡಿನ ಅಂಚಿನಲ್ಲಿರುವ ಪುಟ್ಟ ಡೀಬಗ್ ದೀಪಗಳು ಅದು ಪ್ರೊಸೆಸರಿನಲ್ಲಿ ನಿಂತಿದೆಯೋ ರ‍್ಯಾಮಿನಲ್ಲೋ ಎಂಬುದನ್ನು ತೋರಿಸುತ್ತಿರುತ್ತವೆ. ಗ್ರಾಫಿಕ್ಸ್ ಕಾರ್ಡ್ ಇನ್ನೂ ಕೊಂಡಿಲ್ಲದಿದ್ದರೂ ಪರೀಕ್ಷೆಗೆ ತೊಂದರೆಯಿಲ್ಲ, ಏಕೆಂದರೆ ಹೆಸರಿನ ಕೊನೆಗೆ ಎಫ್ ಇಲ್ಲದ ರೈಜನ್ 7000, 9000 ಪ್ರೊಸೆಸರುಗಳಲ್ಲಿ ಪುಟ್ಟ ಗ್ರಾಫಿಕ್ಸ್ ಅಂತರ್ಗತವಾಗಿದೆ.

ಧ್ವನಿಗೆ ರಿಯಲ್‌ಟೆಕ್ ಎಎಲ್‌ಸಿ4080 ಇದೆ, ಹೆಡ್‌ಫೋನಿಗೆ ಚೆನ್ನಾಗಿದೆ. ಹಿಂಬದಿಯ ಟೈಪ್-ಸಿ ಪೋರ್ಟ್ 20 ಗಿಗಾಬಿಟ್ ವೇಗದ್ದು. ಹಿಂಬದಿ ಫಲಕದ ತಗಡು ಮೊದಲೇ ಅಂಟಿಕೊಂಡಿರುವುದರಿಂದ ಕ್ಯಾಬಿನೆಟ್ಟಿಗೆ ಕೂರಿಸುವುದು ಸಲೀಸು. ಇವುಗಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ.

ಇದೇ ಬೋರ್ಡಿನ ತಮ್ಮನಾದ ಮ್ಯಾಗ್ ಬಿ850 ಟೊಮಾಹಾಕ್ ಮ್ಯಾಕ್ಸ್ ವೈಫೈ ಬಂದಿರುವುದರಿಂದ ಹೋಲಿಕೆ ಅನಿವಾರ್ಯ. ಅದರಲ್ಲಿ ವೈಫೈ 7 ಮತ್ತು 5 ಗಿಗಾಬಿಟ್ ಲ್ಯಾನ್ ಇವೆ, ಇವೆರಡೂ ಆಮೇಲೆ ಸೇರಿಸಬಹುದಾದವು. ಆದರೆ ಪಿಸಿಐಇ 5.0 ಕೂಡ ಇದೆ, ಮತ್ತು ಮ್ಯಾಕ್ಸ್ ಎಂಬ ಪದ ಸೂಚಿಸುವಂತೆ ಬಯಾಸ್ ಚಿಪ್ 64 ಎಂಬಿ ಗಾತ್ರದ್ದು. ಬಯಾಸ್ ಚಿಪ್ಪಿನ ಗಾತ್ರ ಯಾರೂ ಕೇಳದ ವಿವರ, ಆದರೆ ಎಎಂ4 ಕಾಲದಲ್ಲಿ 16 ಎಂಬಿ ಚಿಪ್ಪಿನಲ್ಲಿ ಹಳೆಯ ಮತ್ತು ಹೊಸ ಪ್ರೊಸೆಸರುಗಳೆರಡರ ಮಾಹಿತಿಯನ್ನೂ ತುರುಕಲಾಗದೆ ತಯಾರಕರು ಒದ್ದಾಡಿದ್ದನ್ನು ನೋಡಿದವರು ಅದನ್ನು ಕೇಳಿಯೇ ಕೇಳುತ್ತಾರೆ. 2019ರಲ್ಲಿ ಎಂಎಸ್‌ಐ ಅದೇ ಕಾರಣಕ್ಕೆ ಬಿ450 ಟೊಮಾಹಾಕ್ ಬೋರ್ಡನ್ನು ದೊಡ್ಡ ಚಿಪ್ಪಿನೊಂದಿಗೆ ಮ್ಯಾಕ್ಸ್ ಎಂಬ ಹೆಸರಿನಲ್ಲಿ ಮತ್ತೆ ಬಿಟ್ಟಿತ್ತು. ಆದ್ದರಿಂದ ಎರಡರ ನಡುವಿನ ಅಂತರ ಎರಡು ಮೂರು ಸಾವಿರವಾದರೆ ಬಿ850, ಅದಕ್ಕಿಂತ ಹೆಚ್ಚಾದರೆ ಬಿ650 ಎಂಬುದು ನನ್ನ ಆಯ್ಕೆ.

ಕೊಳ್ಳುವ ಜಾಗದ ಬಗ್ಗೆ ಕೊನೆಗೆ ಎರಡು ಮಾತು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ನಾಲ್ಕಾರು ಅಂಗಡಿ ವಿಚಾರಿಸಿದರೆ ಆನ್‌ಲೈನ್ ಬೆಲೆಗೆ ಸರಿಸಮನಾದ ಬೆಲೆ ಸಾಮಾನ್ಯವಾಗಿ ಸಿಗುತ್ತದೆ, ಪ್ರೊಸೆಸರ್ ಜೊತೆಗೆ ಕಾಂಬೋ ಆಗಿ ಕೇಳಿದರೆ ಇನ್ನೂ ಸ್ವಲ್ಪ ಇಳಿಯುತ್ತದೆ. ಆದರೆ ಅದೇ ಬೀದಿಯಲ್ಲಿ "ಹೊಸ ಐ5 ಕಂಪ್ಯೂಟರ್" ಎಂದು ತೀರಾ ಅಗ್ಗಕ್ಕೆ ತೋರಿಸುವ ಯಂತ್ರದೊಳಗೆ 2011ರ ಎಚ್61 ಚಿಪ್‌ಸೆಟ್ಟಿನ ಬೋರ್ಡ್ ಇರುವ ಸಾಧ್ಯತೆ ಇದೆ. ಬೋರ್ಡ್ ಹೊಸದೇ ಇರಬಹುದು, ಅದರ ಮೇಲಿನ ಪ್ರೊಸೆಸರ್ ಯಾವುದೋ ಕಚೇರಿಯಿಂದ ಬಿಡಿಸಿ ತಂದದ್ದು. ಚಿಪ್‌ಸೆಟ್ಟಿನ ಹೆಸರು ಮತ್ತು ಪ್ರೊಸೆಸರಿನ ಪೂರ್ಣ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸದೆ ಹಣ ಕೊಡಬಾರದು.

ಎಎಂ5ರಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನಲ್ಲಲ್ಲ, ಬೋರ್ಡಿನ ಸಾಕೆಟ್ಟಿನಲ್ಲಿ; ಒಟ್ಟು 1,718. ಒಂದು ಬಾಗಿದರೂ ರ‍್ಯಾಮಿನ ಒಂದು ಚಾನೆಲ್ ಸತ್ತುಹೋಗಬಹುದು, ಬಾಗಿದ ಪಿನ್ನಿಗೆ ವಾರಂಟಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆದ್ದರಿಂದ ಅಂಗಡಿಯ ಮೇಜಿನ ಮೇಲೆಯೇ ಪೆಟ್ಟಿಗೆ ತೆರೆಸಿ, ಸಾಕೆಟ್ಟಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ತೆಗೆಸಿ, ಮೊಬೈಲ್ ಕ್ಯಾಮೆರಾದಲ್ಲಿ ಪಿನ್ನುಗಳ ಸಾಲು ನೇರವಾಗಿದೆಯೇ ನೋಡಿ, ಒಂದು ಚಿತ್ರ ತೆಗೆದಿಟ್ಟುಕೊಳ್ಳಬೇಕು. ಅಂಗಡಿಯವರು ಮುಖ ಸಿಂಡರಿಸಿದರೂ ಚಿಂತೆಯಿಲ್ಲ. ಜಿಎಸ್‌ಟಿ ಬಿಲ್ಲಿನಲ್ಲಿ ಬೋರ್ಡಿನ ಸೀರಿಯಲ್ ಸಂಖ್ಯೆ ಇರಲಿ, ಬಿಲ್ಲು ಮತ್ತು ಆ ಪ್ಲಾಸ್ಟಿಕ್ ಮುಚ್ಚಳ ಎರಡನ್ನೂ ಮೂರು ವರ್ಷದ ವಾರಂಟಿ ಮುಗಿಯುವವರೆಗೆ ಬೋರ್ಡಿನ ಪೆಟ್ಟಿಗೆಯಲ್ಲೇ ಇಟ್ಟಿರಬೇಕು. ಮುಚ್ಚಳವಿಲ್ಲದೆ ಕಳಿಸಿದ ಬೋರ್ಡನ್ನು ಸರ್ವಿಸ್ ಸೆಂಟರ್‌ನವರು ಹಾಗೆಯೇ ಹಿಂದಿರುಗಿಸುವುದುಂಟು.